ನೆಲದ ಆರ್ಕಿಡುಗಳೂ ಅವುಗಳನ್ನು ಮನೆಯಲ್ಲಿ ಬೆಳೆಸುವ ಕ್ರಮವೂ

ಆರ್ಕಿಡ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಮರವನ್ನು ಅಪ್ಪಿಕೊಂಡು ಬೆಳೆದು, ಮುಂಗಾರಿನ ಹೊತ್ತಿಗೆ ಹೆಣೆದ ಜಡೆಯಂತೆ ಹೂಗೊಂಚಲನ್ನು ಇಳಿಬಿಡುವ ಸೀತಾಳೆದಂಡೆ. ಹಲಸಿನ ಕವಲಿನಲ್ಲಿಯೋ ಮಾವಿನ ಕೊಂಬೆಯಲ್ಲಿಯೋ ಅದನ್ನು ಕಾಣದ ಮನೆಯವರು ವಿರಳ. ಆದರೆ ಅದೇ ಕುಲಕ್ಕೆ ಸೇರಿದ ಇನ್ನೊಂದು ಪಂಗಡವು ಮರವನ್ನು ಹತ್ತದೆ, ನಮ್ಮ ಕಾಲಡಿಯಲ್ಲಿಯೇ ನೆಲದೊಳಗೆ ಗೆಡ್ಡೆಯಿಟ್ಟು, ವರ್ಷದಲ್ಲಿ ಐದಾರು ತಿಂಗಳು ಮಾತ್ರ ಮೇಲೆ ಬಂದು ಮುಖದೋರಿ, ಮರಳಿ ಮಣ್ಣಿನಲ್ಲಿ ಅಡಗಿಹೋಗುತ್ತದೆಂಬುದನ್ನು ಬಲ್ಲವರು ಕಡಿಮೆ. ಹುಲ್ಲು ಹೆರೆಯುವ ಹೆಣ್ಣಾಳು ಇವುಗಳನ್ನು ಹುಲ್ಲಿನೊಡನೆಯೇ ಕೊಯ್ದು ಹಸುವಿಗೆ ಹಾಕುತ್ತಾಳೆ. ತೋಟದ ಕಳೆ ತೆಗೆಯುವವನು ಕಳೆಯೊಡನೆ ಕಿತ್ತೆಸೆಯುತ್ತಾನೆ. ಅವರನ್ನು ದೂರಿ ಫಲವಿಲ್ಲ. ನಾವು ಓದುಬರಹ ಬಲ್ಲವರೇ ಇವುಗಳನ್ನು ಕಣ್ಣೆತ್ತಿ ನೋಡಿದವರಲ್ಲ.

ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳ ನೆಲವು ಇಂತಹ ಗಿಡಗಳಿಗೆ ಹೇಳಿ ಮಾಡಿಸಿದಂತಿದೆ. ಒಂದು ಕಡೆ ಮುರಕಲ್ಲಿನ ಪದವುಗಳು. ಇನ್ನೊಂದು ಕಡೆ ೧,೭೧೨ ಮೀಟರು ಎತ್ತರದ ಕುಮಾರಪರ್ವತದ ತಪ್ಪಲಿನ ಕಾಡುಗಳು. ನಡುವೆ ಕುಮಾರಧಾರೆ, ಪಯಸ್ವಿನಿಗಳ ಕಣಿವೆಗಳಲ್ಲಿ ಅಡಕೆಯ ತೋಟಗಳು, ಅವುಗಳ ಮೇಲುಗಡೆಗೆ ಸೊಪ್ಪಿಗೂ ತರಗೆಲೆಗೂ ಬಿಟ್ಟ ಕುಮ್ಕಿ ಜಾಗಗಳು, ನಾಗಬನಗಳು. ವರ್ಷಕ್ಕೆ ಸರಾಸರಿ ೩,೫೦೦ ಮಿಲ್ಲಿಮೀಟರಿಗೂ ಮಿಕ್ಕ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಮತ್ತೆ ಮಕರ, ಕುಂಭ, ಮೀನಗಳಲ್ಲಿ ಅದೇ ಪದವು ಒಲೆಯ ಮೇಲಣ ಕಾವಲಿಯಂತೆ ಕಾಯುತ್ತದೆ. ಶೀತದೇಶಗಳ ತೋಟಗಾರರು ಹಿಮವನ್ನು ಸಹಿಸಿ ಮರುವರ್ಷ ಚಿಗುರುವ ಗಿಡವನ್ನು ಗಟ್ಟಿ ಜಾತಿಯೆಂದು ಹೊಗಳುವುದುಂಟು. ನಮ್ಮಲ್ಲಿ ಗಟ್ಟಿತನದ ಪರೀಕ್ಷೆಯು ಬೇಸಗೆಯದು. ಗಿಡವು ಆ ಪರೀಕ್ಷೆಯನ್ನು ಗೆಲ್ಲುವ ಉಪಾಯವೇ ಗೆಡ್ಡೆ. ಸುವರ್ಣಗೆಡ್ಡೆಯೂ ಕೆಸುವೂ ಅರಿಶಿನವೂ ಮಾಡುವುದು ಇದನ್ನೇ ಅಲ್ಲವೆ?

ಆದರೆ ಒಂದು ವ್ಯತ್ಯಾಸವುಂಟು. ಇದನ್ನು ತಿಳಿಯದೆ ಈ ಗಿಡಗಳನ್ನು ಸಾಕಲು ಹೊರಟವರು ಕೈಸುಟ್ಟುಕೊಳ್ಳುತ್ತಾರೆ. ಹೆಬನೇರಿಯ ಎಂಬ ಜಾತಿಯ ಗಿಡವೊಂದನ್ನು ಸೋಣ ತಿಂಗಳಲ್ಲಿ ಮೆಲ್ಲನೆ ಮಣ್ಣು ಬಿಡಿಸಿ ನೋಡಿದರೆ ಕಾಂಡದ ಬುಡದಲ್ಲಿ ಎರಡು ಗೆಡ್ಡೆಗಳು ಕಾಣುವುವು. ಒಂದು ಸುಕ್ಕುಗಟ್ಟಿ ಕಂದುಬಣ್ಣಕ್ಕೆ ತಿರುಗಿದ್ದು, ಇನ್ನೊಂದು ನುಣ್ಣಗೆ ಬೆಳ್ಳಗೆ ತುಂಬಿಕೊಂಡದ್ದು. ಸುಕ್ಕಿದುದು ಕಳೆದ ವರ್ಷದ ದುಡಿಮೆ. ಅದರೊಳಗಿನ ಸತ್ತ್ವವೆಲ್ಲ ಈ ವರ್ಷದ ಎಲೆಗೂ ಹೂವಿಗೂ ಸಂದುಹೋಗಿದೆ. ತುಂಬಿಕೊಂಡದ್ದು ಮುಂದಿನ ವರ್ಷದ ಬಂಡವಾಳ. ಎಲೆಗಳು ಹಸುರಾಗಿರುವಷ್ಟು ದಿನವೂ ಬಿಸಿಲನ್ನುಂಡು ಈ ಹೊಸ ಗೆಡ್ಡೆಗೆ ತುಂಬುತ್ತಿರುತ್ತವೆ. ಮಳೆ ನಿಂತು ಎಲೆ ಒಣಗುವಾಗ ಹಳೆಯದು ಸತ್ತು, ಹೊಸದೊಂದೇ ನೆಲದಲ್ಲಿ ಉಳಿಯುವುದು. ಹಾಗಾಗಿ ಗಿಡವು ಪ್ರತಿವರ್ಷ ತನ್ನ ಮನೆಯನ್ನೇ ಬದಲಿಸುತ್ತದೆ. ಇದ್ದ ಜಾಗದಿಂದ ಒಂದು ಬೆರಳಿನಷ್ಟು ದೂರ ಸರಿಯುತ್ತದೆ. ಸಾಮಾನ್ಯವಾಗಿ ಒಂದಕ್ಕೆ ಒಂದೇ. ಕೆಸುವಿನಂತೆ ಹತ್ತಾರು ಮರಿಗಳಿಲ್ಲ. ಹೂವಿನಾಸೆಯಿಂದ ಆಟಿ ಸೋಣಗಳಲ್ಲಿ ಗಿಡವನ್ನು ಕಿತ್ತರೆ ಹಳೆಯ ಗೆಡ್ಡೆ ಮುಗಿದಿರುತ್ತದೆ, ಹೊಸತು ಬಲಿತಿರುವುದಿಲ್ಲ. ಅಲ್ಲಿಗೆ ಆ ವಂಶವೇ ತೀರಿತು.

ಈ ಜೋಡಿಗೆಡ್ಡೆಯನ್ನು ಪ್ರಾಚೀನ ಗ್ರೀಕರೂ ಕಂಡಿದ್ದರು. ಅರಿಸ್ಟಾಟಲನ ಶಿಷ್ಯನಾದ ಥಿಯೋಫ್ರಾಸ್ಟಸನು ತನ್ನ ಸಸ್ಯಗ್ರಂಥದಲ್ಲಿ ಇದಕ್ಕೆ ಬಳಸಿದ ‘ಓರ್ಕಿಸ್’ ಎಂಬ ಮಾತಿನಿಂದಲೇ ಇಡೀ ಕುಲಕ್ಕೆ ಆರ್ಕಿಡ್ ಎಂಬ ಹೆಸರು ಬಂದುದು. ಆ ಮಾತಿನ ಅರ್ಥವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಗೆಡ್ಡೆಯ ಆಕಾರವನ್ನು ನೋಡಿದವರು ಊಹಿಸಿಕೊಳ್ಳಬಹುದು. ಆಕಾರವನ್ನು ನೋಡಿ ಗುಣವನ್ನು ಊಹಿಸಿದ ಜನರು ಈ ಗೆಡ್ಡೆಗಳಿಗೆ ವೀರ್ಯವರ್ಧಕ ಶಕ್ತಿಯಿದೆಯೆಂದು ನಂಬಿ ಶತಮಾನಗಳಿಂದ ಅಗೆಯುತ್ತ ಬಂದರು. ಅಂಗಡಿಯಲ್ಲಿ ಸಾಲಂಮಿಶ್ರಿ ಎಂದು ಮಾರುವುದು ಇಂತಹ ಆರ್ಕಿಡಿನ ಒಣಗೆಡ್ಡೆಯನ್ನೇ. ತುರ್ಕಿಯಲ್ಲಿ ಇದರ ಹುಡಿಯನ್ನು ಹಾಲಿನಲ್ಲಿ ಕುದಿಸಿ ‘ಸಾಲೆಪ್’ ಎಂಬ ಪಾನೀಯವನ್ನು ಮಾಡುತ್ತಾರೆ. ಒಂದು ಕಿಲೋಗ್ರಾಮು ಹುಡಿಗೆ ಸಾವಿರಕ್ಕೂ ಮಿಕ್ಕಿ ಗೆಡ್ಡೆಗಳು ಬೇಕು. ಆಫ್ರಿಕದ ಜಾಂಬಿಯದಲ್ಲಿ ಗೆಡ್ಡೆಯನ್ನು ನೆಲಗಡಲೆಯೊಡನೆ ಕುಟ್ಟಿ ಬೇಯಿಸಿ ಊಟಕ್ಕೆ ಹಾಕಿಕೊಳ್ಳುವರು. ನಮ್ಮ ಆಯುರ್ವೇದದ ಅಷ್ಟವರ್ಗದಲ್ಲಿಯೂ ಋದ್ಧಿ, ವೃದ್ಧಿ, ಜೀವಕ, ಋಷಭಕ ಎಂಬ ನಾಲ್ಕು ಮೂಲಿಕೆಗಳು ಹಿಮಾಲಯದ ನೆಲದ ಆರ್ಕಿಡುಗಳೆಂದು ಈಗಿನವರು ಗುರುತಿಸಿದ್ದಾರೆ. ಅಗೆದು ಅಗೆದು ಇವು ಅಲ್ಲಿ ವಿರಳವಾಗಿರುವುದರಿಂದ ವೈದ್ಯರು ಬದಲಿ ಬೇರುಗಳನ್ನು ಬಳಸುವುದುಂಟು. ವರ್ಷಕ್ಕೊಂದೇ ಗೆಡ್ಡೆ ಕಟ್ಟುವ ಗಿಡವನ್ನು ಗೆಡ್ಡೆಗಾಗಿಯೇ ಅಗೆದರೆ ಬೇರೇನಾದೀತು?

ಇನ್ನು ನಮ್ಮ ಘಟ್ಟದ ತಪ್ಪಲಿನ ಕೆಲವು ಜಾತಿಗಳ ಪರಿಚಯ ಮಾಡಿಕೊಳ್ಳೋಣ. ಹೆಬನೇರಿಯದಲ್ಲಿಯೇ ಪಶ್ಚಿಮಘಟ್ಟದಲ್ಲಿ ಹತ್ತಾರು ಬಗೆಗಳಿವೆ. ಅವುಗಳಲ್ಲಿ ನೋಡತಕ್ಕದ್ದು ಉದ್ದಕೊಂಬಿನ ಹೆಬನೇರಿಯ. ಹುಲ್ಲಿನ ನಡುವಿನಿಂದ ಒಂದೂವರೆ ಎರಡು ಅಡಿಯ ದಂಟು ಏರಿ, ತುದಿಯಲ್ಲಿ ಕೆಲವೇ ಬಿಳಿಯ ಹೂಗಳು ಬಿಡುವುವು. ಪ್ರತಿಯೊಂದು ಹೂವಿನ ಹಿಂದೆಯೂ ನಾಲ್ಕೈದು ಅಂಗುಲ ಉದ್ದದ ಹಸುರು ಕೊಳವೆಯೊಂದು ಇಳಿಬಿದ್ದಿರುತ್ತದೆ. ಹೂವಿಗಿಂತ ಬಾಲವೇ ದೊಡ್ಡದು! ಈ ಕೊಳವೆಯ ತಳದಲ್ಲಿ ಜೇನಿರುವುದು. ಅಷ್ಟು ಆಳದ ಜೇನನ್ನು ಹೀರಬಲ್ಲುದು ಅಷ್ಟೇ ಉದ್ದದ ನಾಲಗೆಯುಳ್ಳ ಇರುಳ ಪತಂಗವೊಂದೇ. ಮಡಗಾಸ್ಕರದ ಒಂದು ಆರ್ಕಿಡಿನಲ್ಲಿ ಒಂದಡಿಯ ಕೊಳವೆಯನ್ನು ಕಂಡ ಚಾರ್ಲ್ಸ್ ಡಾರ್ವಿನನು, ಅಷ್ಟುದ್ದದ ನಾಲಗೆಯ ಪತಂಗವು ಆ ದ್ವೀಪದಲ್ಲಿ ಇದ್ದೇ ಇರಬೇಕೆಂದು ೧೮೬೨ರಲ್ಲಿ ಬರೆದನು. ಕೆಲವರು ನಕ್ಕರು. ೧೯೦೩ರಲ್ಲಿ ಅಂತಹ ಪತಂಗವನ್ನು ಶಾಸ್ತ್ರಜ್ಞರು ವರ್ಣಿಸಿದರು. ಅದನ್ನು ನೋಡಲು ಡಾರ್ವಿನನು ಬದುಕಿರಲಿಲ್ಲ. ಮನೆಯ ಜಗಲಿಯಲ್ಲಿ ಕುಳಿತು ಅದರ ಚಿಕ್ಕ ಪ್ರತಿರೂಪವನ್ನು ನೋಡಬೇಕೆಂದಿರುವವರು ಸೋಣ ತಿಂಗಳ ಮುಸ್ಸಂಜೆಯಲ್ಲಿ ದೀಪವನ್ನು ತಗ್ಗಿಸಿ ಹೂವಿನ ಬಳಿ ಸ್ವಲ್ಪ ಹೊತ್ತು ಸದ್ದುಮಾಡದೆ ಕಾಯಬೇಕು.

ಇದೇ ಜಾತಿಯ ಇನ್ನೊಂದರ ಹೂವು ಲಂಗ ತೊಟ್ಟು ಕೈಚಾಚಿ ನಿಂತ ಪುಟ್ಟ ಗೊಂಬೆಯಂತಿರುತ್ತದೆ. ಕ್ರಿನಿಫೆರ ಎಂದು ಅದರ ಶಾಸ್ತ್ರೀಯ ಹೆಸರು. ಮಕ್ಕಳಿಗೆ ತೋರಿಸಬೇಕಾದುದು ಇದನ್ನೇ.

ನರ್ವಿಲಿಯದ ರೀತಿಯೇ ಬೇರೆ. ಬೇಸಗೆಯ ಕೊನೆಗೆ ಒಂದೆರಡು ಮಳೆ ಬಿದ್ದಾಗ ಬರಿಯ ನೆಲದಿಂದ ಎಲೆಯಿಲ್ಲದ ದಂಟೊಂದು ಎದ್ದು, ಮಾಸಲು ಬಣ್ಣದ ಹೂ ಬಿಟ್ಟು ಬಾಡಿಹೋಗುವುದು. ಅದರ ಮೇಲೆ ಒಂದೇ ಒಂದು ಎಲೆ, ಹೃದಯಾಕಾರದ್ದು, ನೆರಿಗೆ ನೆರಿಗೆಯಾದದ್ದು, ನೆಲದ ಮೇಲೆ ಬಿಚ್ಚಿಕೊಳ್ಳುವುದು. ಮಲೆಯಾಳದವರು ಇದನ್ನು ಓರಿಲತಾಮರ, ಎಂದರೆ ಒಂದೆಲೆಯ ತಾವರೆ ಎನ್ನುತ್ತಾರೆ. ಹೂವೂ ಎಲೆಯೂ ಒಂದನ್ನೊಂದು ಕಾಣುವುದಿಲ್ಲ. ನೆಲಸಂಪಿಗೆಯನ್ನು ಬಲ್ಲ ಗೃಹಿಣಿಯರಿಗೆ ಇದೇನೂ ಹೊಸ ಸಂಗತಿಯಲ್ಲ. ಅದೂ ಹೂವನ್ನು ಮೊದಲು ಕಳಿಸಿ ಎಲೆಯನ್ನು ಆಮೇಲೆ ಕಳಿಸುವ ಗಿಡವೇ. ನರ್ವಿಲಿಯದ ಗೆಡ್ಡೆಯು ಸಣ್ಣ ಎಳೆಗಳನ್ನು ಚಾಚಿ ಅವುಗಳ ತುದಿಯಲ್ಲಿ ಮರಿಗೆಡ್ಡೆಗಳನ್ನು ಕಟ್ಟುವುದರಿಂದ ಚಟ್ಟಿಯಲ್ಲಿ ಬೇಗನೆ ಹೆಚ್ಚುತ್ತದೆ. ಹೂ ಚೆಲುವಲ್ಲದಿದ್ದರೂ ಹೊಸಬರು ಇದರಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಯೂಲೋಫಿಯ, ಜಿಯೋಡೋರಮ್ ಎಂಬೆರಡು ಜಾತಿಗಳ ಗೆಡ್ಡೆಗಳು ದೊಡ್ಡವು, ಶುಂಠಿಯಂತೆ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಬೆಳೆಯುವಂಥವು. ತಪ್ಪುಗಳನ್ನು ಹೆಚ್ಚು ಸಹಿಸುತ್ತವೆ. ಜಿಯೋಡೋರಮಿನ ಹೂಗೊಂಚಲು ನಾಚಿದ ಮದುಮಗಳಂತೆ ತಲೆ ತಗ್ಗಿಸಿರುವುದು. ಕಾಯಿ ಕಟ್ಟಿದ ಮೇಲೆ ಅದೇ ದಂಟು ನೆಟ್ಟಗೆ ನಿಲ್ಲುವುದು.

ಬಿಳಿಯ ದೊಡ್ಡ ಹೂವಿನ ಪೆಕ್ಟೈಲಿಸ್ ಜಾತಿಯ ಒಂದು ಗಿಡಕ್ಕೆ ಸುಸಾನ್ನಳ ಹೆಸರಿದೆ. ಅದರ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ರುಂಫಿಯಸ್ ಎಂಬ ಜರ್ಮನ್ ವಿದ್ವಾಂಸನು ಡಚ್ಚರ ಕಂಪೆನಿಯ ನೌಕರನಾಗಿ ಪೂರ್ವದ್ವೀಪಗಳ ಅಂಬೋಯ್ನದಲ್ಲಿ ನೆಲಸಿ, ಅಲ್ಲಿಯ ಗಿಡಮೂಲಿಕೆಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆಯುತ್ತಿದ್ದನು. ೧೬೭೦ರಲ್ಲಿ ಅವನ ಕಣ್ಣು ಹೋಯಿತು. ೧೬೭೪ರ ಫೆಬ್ರವರಿಯ ಭೂಕಂಪದಲ್ಲಿ ಹೆಂಡತಿ ಸುಸಾನ್ನಳೂ ಒಬ್ಬ ಮಗಳೂ ಸತ್ತರು. ಅವನು ಗಿಡಗಳನ್ನು ಹುಡುಕುವಾಗ ಜತೆಗಾತಿಯಾಗಿದ್ದು, ಈ ಬಿಳಿಯ ಹೂವನ್ನು ಮೊದಲು ತಂದು ತೋರಿಸಿದವಳು ಅವಳೇ. ಕುರುಡನಾದ ಗಂಡನು ಗ್ರಂಥದಲ್ಲಿ ಅದಕ್ಕೆ ಸುಸಾನ್ನಳ ಹೂವೆಂದು ಹೆಸರಿಟ್ಟನು. ಮುಂದೆ ೧೭೫೩ರಲ್ಲಿ ಲಿನ್ನೇಯಸನೂ ಆ ಹೆಸರನ್ನೇ ಉಳಿಸಿದನು. ಅದೇ ಪಂಗಡದ ದೈತ್ಯ ಪೆಕ್ಟೈಲಿಸ್ ನಮ್ಮ ಪಶ್ಚಿಮಘಟ್ಟದಲ್ಲಿಯೂ ಇದೆ. ಇರುಳು ಅದರ ಪರಿಮಳ ಹರಡುವುದು.

ಜಾತಿಯನ್ನು ಸರಿಯಾಗಿ ಗುರುತಿಸಬೇಕೆನ್ನುವವರಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕೆ. ಗೋಪಾಲಕೃಷ್ಣ ಭಟ್ಟರು ಉಡುಪಿಯ ಸಸ್ಯಗಳನ್ನು ಕುರಿತು ೨೦೦೩ರಲ್ಲಿಯೂ ದಕ್ಷಿಣ ಕನ್ನಡದ ಸಸ್ಯಗಳನ್ನು ಕುರಿತು ೨೦೧೪ರಲ್ಲಿಯೂ ಪ್ರಕಟಿಸಿದ ಇಂಗ್ಲಿಷ್ ಗ್ರಂಥಗಳಿವೆ.

ಬೀಜ ಬಿತ್ತಿ ಬೆಳೆಸಬಾರದೆ ಎಂದು ಕೆಲವರು ಕೇಳುತ್ತಾರೆ. ಆರ್ಕಿಡಿನ ಒಂದೊಂದು ಕಾಯಿಯಲ್ಲಿಯೂ ಸಾವಿರಾರು ಬೀಜಗಳಿರುವುದು ನಿಜ. ಆದರೆ ಅವು ಧೂಳಿಗಿಂತ ಹಗುರ. ಮೊಳಕೆಗೆ ಬೇಕಾದ ಆಹಾರವನ್ನು ತಾಯಿಗಿಡ ಅವುಗಳಲ್ಲಿ ಕಟ್ಟಿಕೊಟ್ಟಿರುವುದಿಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರವು ಬೀಜದೊಳಗೆ ಹೊಕ್ಕು ಉಣಿಸಿದರೆ ಮಾತ್ರ ಅದು ಮೊಳೆಯುವುದು. ಈ ಗುಟ್ಟನ್ನು ೧೮೯೯ರಲ್ಲಿ ಕಂಡವನು ನೋಯೆಲ್ ಬೆರ್ನಾರ್ ಎಂಬ ಇಪ್ಪತ್ತೈದು ವರ್ಷದ ಫ್ರೆಂಚ್ ತರುಣ. ಅಮೆರಿಕದ ಲೂಯಿ ನಡ್ಸನ್ನನು ೧೯೨೨ರಲ್ಲಿ ಸಕ್ಕರೆ ಬೆರೆಸಿದ ಅಗರಿನ ಮೇಲೆ ಶಿಲೀಂಧ್ರವಿಲ್ಲದೆಯೇ ಬೀಜವನ್ನು ಮೊಳೆಯಿಸಿ ತೋರಿಸಿದನು. ಈಗಿನ ಪ್ರಯೋಗಶಾಲೆಗಳು ಹಿಡಿದಿರುವುದು ಆ ದಾರಿಯನ್ನೇ. ಅದು ಅಡಿಗೆಮನೆಯಲ್ಲಿ ಸಾಧ್ಯವಾಗುವ ಕೆಲಸವಲ್ಲ. ಮನೆಯವರಿಗೆ ಗೆಡ್ಡೆಯೊಂದೇ ದಾರಿ. ಆದರೂ ಬೆರ್ನಾರನಿಂದ ನಾವು ಕಲಿಯತಕ್ಕ ಒಂದು ಪಾಠವುಂಟು: ಗೆಡ್ಡೆಯನ್ನು ತರುವಾಗ ಅದು ಬೆಳೆದ ಜಾಗದ ಮಣ್ಣನ್ನೂ ಒಂದು ಹಿಡಿ ತರಬೇಕು, ಚಟ್ಟಿ ಬದಲಿಸುವಾಗ ಹಳೆಯ ಮಣ್ಣಿನಲ್ಲಿ ಸ್ವಲ್ಪವನ್ನು ಹೊಸದಕ್ಕೆ ಸೇರಿಸಬೇಕು.

ಗೆಡ್ಡೆ ಎಲ್ಲಿ ಸಿಕ್ಕುವುದು? ಕಾಡಿನಿಂದ ಖಂಡಿತವಾಗಿಯೂ ತರತಕ್ಕದ್ದಲ್ಲ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಕರ್ನಾಟಕದ ೧೯೬೩ರ ಅರಣ್ಯ ಕಾಯಿದೆಯಂತೆ ಅಪರಾಧ. ಇದಲ್ಲದೆ ೧೯೭೩ರ ಅಂತರರಾಷ್ಟ್ರೀಯ ಒಪ್ಪಂದವು ಆರ್ಕಿಡ್ ಕುಲವನ್ನೆಲ್ಲ ತನ್ನ ಪಟ್ಟಿಗಳಲ್ಲಿ ಸೇರಿಸಿ, ದೇಶದಿಂದ ದೇಶಕ್ಕೆ ಅದರ ವ್ಯಾಪಾರವನ್ನು ಬಿಗಿಗೊಳಿಸಿದೆ. ಕಾಯಿದೆಯ ಮಾತು ಹಾಗಿರಲಿ. ಘಟ್ಟದ ಮೇಲಣ ಎತ್ತರದ ಹುಲ್ಲುಮಾಳದ ಗಿಡವನ್ನು ಪುತ್ತೂರಿನ ಸೆಕೆಗೆ ತಂದರೆ ಅದು ಎರಡನೆಯ ವರ್ಷಕ್ಕೆ ಉಳಿಯುವುದಿಲ್ಲ. ನಮ್ಮ ಸ್ವಂತ ವರ್ಗ ಜಾಗದಲ್ಲಿ, ಮನೆಯ ಪಾಯಕ್ಕೋ ರಬ್ಬರಿಗೋ ಅಗೆಯಲಿರುವ ಗುಡ್ಡೆಯಲ್ಲಿ ಇದ್ದರೆ ಅವನ್ನು ಎತ್ತಿ ಉಳಿಸುವುದು ನ್ಯಾಯ. ನೆಂಟರಿಷ್ಟರ ಚಟ್ಟಿಯಲ್ಲಿ ಹೆಚ್ಚಾದುದನ್ನು ಕೇಳಿ ಪಡೆಯುವುದು ಇನ್ನೂ ಒಳ್ಳೆಯದು.

ಸ್ವಂತ ಜಾಗದಲ್ಲಿದ್ದರೂ ತೊಂದರೆಯಿಲ್ಲದೆ ಸಿಕ್ಕುವುದೆಂದಲ್ಲ. ಹೂವಿರುವಾಗ ಗಿಡ ಕಾಣುವುದು, ಆದರೆ ಆಗ ಅಗೆಯುವಂತಿಲ್ಲ. ಅಗೆಯಬಹುದಾದ ಧನು ಮಕರಗಳಲ್ಲಿ ನೆಲದ ಮೇಲೆ ಒಂದು ಕಡ್ಡಿಯೂ ಉಳಿದಿರುವುದಿಲ್ಲ. ಆದುದರಿಂದ ಸೋಣ ತಿಂಗಳಲ್ಲಿಯೇ ಪ್ರತಿ ಗಿಡದ ಪಕ್ಕದಲ್ಲಿಯೂ ಒಂದು ಬಿದಿರಿನ ಕಡ್ಡಿಯನ್ನು ನೆಟ್ಟು ಗುರುತಿಡಬೇಕು.

ನನ್ನ ಅಕ್ಕನನ್ನು ಕಡಬದ ಕಡೆಗೆ ಕೊಟ್ಟಿದೆ. ಅವರ ಮನೆಯ ಮೇಲುಗಡೆಯ ಪದವಿನಲ್ಲಿ ಈ ಬಿಳಿಯ ಹೂಗಳು ಸೋಣಕ್ಕೆ ಸೋಣಕ್ಕೆ ಬರುತ್ತಿದ್ದುವು. ಭಾವನವರು ಮಗಳ ಮದುವೆಯ ಸಾಲ ತೀರಿಸಲಿಕ್ಕಾಗಿ ಆ ಪದವಿನ ಒಂದು ಮೂಲೆಯನ್ನು ಮಾರಬೇಕಾಯಿತು. ಕೊಂಡವರು ಕಲ್ಲು ಕಡಿಯಿಸುವವರು. ಚೌತಿಗೆ ಹೋದಾಗ ಅಕ್ಕನೇ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿ, “ಇನ್ನು ಬರುವ ವರ್ಷಕ್ಕೆ ಇದಿಲ್ಲ, ತಮ್ಮಾ” ಎಂದಳು. ನಾವಿಬ್ಬರೂ ಸೇರಿ ಅರುವತ್ತಕ್ಕೆ ಎರಡು ಕಡಿಮೆ ಕಡ್ಡಿಗಳನ್ನು ನೆಟ್ಟೆವು. ಧನುರ್ಮಾಸದಲ್ಲಿ ಬಂದು ಅಗೆಯುವುದೆಂದು ನಾನು ಲೆಕ್ಕ ಹಾಕಿದ್ದೆನು. ದೀಪಾವಳಿ ಕಳೆದ ವಾರದಲ್ಲಿಯೇ ಅಕ್ಕನ ಫೋನು ಬಂತು: ಇನ್ನು ನಾಲ್ಕು ದಿನದಲ್ಲಿ ಮಣ್ಣು ತೆಗೆಯುವ ಯಂತ್ರ ಬರುವುದಂತೆ. ಜಾಗ ಕೊಂಡವರು ಮಾತಿಗೆ ತಪ್ಪಿದವರಲ್ಲ. ಹೂವಿಗಾಗಿ ಎರಡು ತಿಂಗಳು ಕಾಯಿರಿ ಎಂದು ನಾವು ಅವರಲ್ಲಿ ಹೇಳಿಯೇ ಇರಲಿಲ್ಲ. ಹೇಳಲು ನಾಚಿಕೆಯಾಗಿತ್ತು.

ಹೋಗಿ ನೋಡುವಾಗ ಎಲೆಗಳು ಅರ್ಧ ಹಳದಿ, ಅರ್ಧ ಹಸುರು. ಹೊಸಗೆಡ್ಡೆಗಳು ಇನ್ನೂ ಪೂರ್ತಿ ಬಲಿತಿರಲಿಲ್ಲ. ಅಂತಹ ಸಂದರ್ಭದಲ್ಲಿ ಗೆಡ್ಡೆಯನ್ನು ಮಣ್ಣಿನಿಂದ ಬೇರ್ಪಡಿಸಲೇಬಾರದು. ಗಿಡದ ಸುತ್ತ ಒಂದು ಗೇಣು ಬಿಟ್ಟು ಅಗೆದು, ಹೆಂಟೆಯನ್ನು ಒಡೆಯದೆ ಎತ್ತಿ, ಅಡಕೆಯ ಹಾಳೆಯಲ್ಲಿಟ್ಟು ಹೊತ್ತು ತಂದೆವು. ಮುರಕಲ್ಲಿನ ಸಂದಿನಲ್ಲಿ ಗುದ್ದಲಿ ಇಳಿಯದಿದ್ದಲ್ಲಿ ಅಕ್ಕ ಕತ್ತಿಯ ಮೊನೆಯಿಂದ ಬಿಡಿಸಿದಳು. ಕೆಲವು ಕಡ್ಡಿಗಳನ್ನು ದನಗಳು ಕೆಡವಿದ್ದುವು. ಎರಡು ದಿನದಲ್ಲಿ ನಲುವತ್ತೊಂದು ಹೆಂಟೆಗಳಾದುವು. ಅವುಗಳಲ್ಲಿ ಅರ್ಧವನ್ನು ಅಕ್ಕನ ಮನೆಯ ನಾಗಬನದ ಅಂಚಿನಲ್ಲಿ ಅದೇ ಆಳಕ್ಕೆ ಇಳಿಸಿ, ಉಳಿದುದನ್ನು ನಾನು ತಂದು ಹಲಸಿನ ಮರದ ನೆರಳಿನಲ್ಲಿ ಸಾಲಾಗಿಟ್ಟು, ಎಲೆ ತಾನಾಗಿ ಒಣಗುವ ತನಕ ದಿನ ಬಿಟ್ಟು ದಿನ ಸ್ವಲ್ಪ ನೀರು ಚಿಮುಕಿಸುತ್ತಿದ್ದೆನು. ಎಲೆ ಪೂರ್ಣ ಒಣಗಿದ ಬಳಿಕವೇ ಮಣ್ಣು ಬಿಡಿಸಿ ನೋಡಿದುದು.

ಇನ್ನು ನೆಡುವ ಕ್ರಮ. ಆರೇಳು ಅಂಗುಲ ಬಾಯಿಯ, ಆಳವಾದ ಮಣ್ಣಿನ ಚಟ್ಟಿ ಆಗಬೇಕು. ತಳದ ತೂತಿನ ಮೇಲೆ ಹಂಚಿನ ಚೂರನ್ನು ಕವುಚಿಟ್ಟು, ಎರಡು ಅಂಗುಲ ದಪ್ಪಕ್ಕೆ ಮುರಕಲ್ಲಿನ ಸಣ್ಣ ಚೂರುಗಳನ್ನು ಹಾಕಬೇಕು. ಅದರ ಮೇಲೆ ಎರಡು ಪಾಲು ದಪ್ಪ ಹೊಯ್ಗೆ, ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತು ಹುಡಿಯಾದ ತರಗೆಲೆ ಸೇರಿಸಿದ ಮಣ್ಣನ್ನು ತುಂಬಿಸತಕ್ಕದ್ದು. ಕಡಲ ಬದಿಯ ಹೊಯ್ಗೆ ಕೂಡದು, ಅದರಲ್ಲಿ ಉಪ್ಪಿರುವುದು. ಹಸಿ ಸೆಗಣಿಯಂತೂ ವಿಷವೇ ಸರಿ. ಸುಡುಮಣ್ಣನ್ನು ಹಾಕಬಹುದೇ ಎಂದು ತೋಟದವರು ಕೇಳುವುದುಂಟು. ತೋಟಕ್ಕೆ ಅದು ಒಳ್ಳೆಯದಿರಬಹುದು. ಸುಡುವಾಗ ಶಿಲೀಂಧ್ರಗಳೆಲ್ಲ ಸಾಯುವುದರಿಂದ ಇಲ್ಲಿ ಅದು ಬೇಡ.

ಮೇ ತಿಂಗಳ ಮೊದಲ ಪಕ್ಷದೊಳಗೆ, ಪತ್ತನಾಜೆಗಿಂತ ಮೊದಲೇ, ನೆಡುವುದು ಮುಗಿಯಬೇಕು. ಗೆಡ್ಡೆಯ ಕಣ್ಣು ಮೇಲ್ಮುಖವಾಗಿರುವಂತೆ ಎರಡು ಅಂಗುಲ ಆಳಕ್ಕೆ ಇಟ್ಟು, ಸುತ್ತಲೂ ಒಂದು ಹಿಡಿ ಹೊಯ್ಗೆ ಹಾಕಿ ಮುಚ್ಚಬೇಕು. ಕಣ್ಣು ಯಾವುದೆಂದು ತಿಳಿಯದಿದ್ದರೆ ಅಡ್ಡವಾಗಿ ಮಲಗಿಸಿದರಾಯಿತು, ಮೊಳಕೆಯೇ ದಾರಿ ಹುಡುಕಿಕೊಳ್ಳುವುದು. ಮೊಳಕೆ ಮೂಡುವ ತನಕ ಮಣ್ಣಿನಲ್ಲಿ ತೇವವಿದ್ದರೆ ಸಾಕು. ಮೂಡಿದ ಮೇಲೆ ಒಣಗಲು ಬಿಡಬಾರದು. ಬಾವಿಯ ನೀರು ಉತ್ತಮ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ತೆಳುನೆರಳಿರುವ ಜಾಗ ಆಗಬೇಕು. ನರ್ವಿಲಿಯಕ್ಕೆ ಬಿಸಿಲು ಬೇಡವೇ ಬೇಡ. ನಮ್ಮಲ್ಲಿ ಬಹಳ ಮಂದಿ ಮಾಡುವ ತಪ್ಪೆಂದರೆ ಹೂವಿನ ಚಟ್ಟಿಗಳನ್ನು ಮಾಡಿನ ಸೂರಿನ ಕೆಳಗೆ ಸಾಲಾಗಿಡುವುದು. ಆಟಿಯ ಮಳೆಯಲ್ಲಿ ಹಂಚಿನ ನೀರು ಧಾರೆಯಾಗಿ ಬಿದ್ದು ಮಣ್ಣನ್ನು ತೋಡಿ ಗೆಡ್ಡೆಯನ್ನು ಬಯಲು ಮಾಡುತ್ತದೆ. ಸೂರಿನಿಂದ ಒಂದು ಮೊಳ ಒಳಕ್ಕೋ ಎರಡು ಮೊಳ ಹೊರಕ್ಕೋ ಇಡಿರಿ. ಅಡಕೆಗೆ ಕೊಳೆರೋಗದ ಮದ್ದು ಸಿಂಪಡಿಸುವ ದಿನ ಚಟ್ಟಿಗಳನ್ನು ಒಳಗಿಡಿರಿ. ಮೈಲುತುತ್ತವು ಇರುವುದೇ ಶಿಲೀಂಧ್ರವನ್ನು ಕೊಲ್ಲಲಿಕ್ಕಲ್ಲವೆ?

ಗೊಬ್ಬರದ ವಿಷಯದಲ್ಲಿ ಜಿಪುಣತನವೇ ಗುಣ. ನೆಲಗಡಲೆಯ ಹಿಂಡಿಯನ್ನು ನೆನೆಹಾಕಿ, ಗುಲಾಬಿಗೆ ಹಾಕುವುದಕ್ಕಿಂತ ನಾಲ್ಕು ಪಾಲು ತೆಳ್ಳಗೆ ಮಾಡಿದ ತಿಳಿನೀರನ್ನು ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಹೆಚ್ಚು. ಕನ್ಯಾಮಾಸದಲ್ಲಿ ಅದನ್ನೂ ನಿಲ್ಲಿಸಬೇಕು. ದೇವರ ಪೂಜೆಗೆ ಹೂ ಬೇಕಾದರೆ ಗೊಂಚಲನ್ನು ಮಾತ್ರ ಕತ್ತರಿಸಿರಿ. ಕಾಯಿ ಕಟ್ಟುವ ಶ್ರಮ ತಪ್ಪುವುದರಿಂದ ಗೆಡ್ಡೆಗೆ ಲಾಭವೇ. ಎಲೆಯನ್ನು ಮಾತ್ರ ಮುಟ್ಟಬಾರದು.

ತುಲಾಮಾಸದಲ್ಲಿ ಎಲೆ ಹಳದಿಯಾಗತೊಡಗುವಾಗ ಮನೆಯವರಿಗೆ ಗಾಬರಿ. ನೀರು ಸಾಲದೆಂದು ಇನ್ನಷ್ಟು ಹೊಯ್ಯುತ್ತಾರೆ. ನಾನೂ ಹೊಯ್ದವನೇ. ಮೊದಲ ವರ್ಷ ನನ್ನ ಚಟ್ಟಿಗಳ ಎಲೆಗಳೆಲ್ಲ ಒಣಗಿ ಬಿದ್ದ ಮೇಲೂ ಮಕರ ಕುಂಭಗಳ ಬಿಸಿಲನ್ನು ಕಂಡು ಮರುಗಿ, ದಿನವೂ ಸಂಜೆಗೆ ಒಂದೊಂದು ಚೆಂಬು ನೀರು ಕೊಡುತ್ತಿದ್ದೆನು. ತಾಯಿಯವರು ಜಗಲಿಯಲ್ಲಿ ಕುಳಿತು ನೋಡಿ, “ಸುವರ್ಣಗೆಡ್ಡೆಗೆ ಮಾಘಮಾಸದಲ್ಲಿ ನೀರು ಹೊಯ್ಯುವವರುಂಟೇನೋ ಮಗಾ?” ಎಂದು ಕೇಳಿದರು. ಇದು ಬೇರೆ ಜಾತಿಯೆಂದು ನಾನು ಪುಸ್ತಕದ ಮಾತನ್ನಾಡಿದೆ. ವೈಶಾಖದಲ್ಲಿ ಮಣ್ಣು ಬಿಡಿಸಿದಾಗ ಒಂದು ಚಟ್ಟಿಯಲ್ಲಿಯೂ ಗೆಡ್ಡೆಯಿರಲಿಲ್ಲ. ಬೆರಳಿಗೆ ಹತ್ತುವ ಕಪ್ಪು ಲೋಳೆಯಿತ್ತು. ಒಂಬತ್ತು ಗಿಡಗಳು ಹಾಗೆ ಹೋದುವು.

ಎಲೆ ಹಳದಿಯಾಗತೊಡಗಿದೊಡನೆ ನೀರನ್ನು ಕ್ರಮವಾಗಿ ಕಡಿಮೆಮಾಡಿ, ಪೂರ್ಣ ಒಣಗಿದ ಮೇಲೆ ನಿಲ್ಲಿಸಿಬಿಡಬೇಕು. ಚಟ್ಟಿಯನ್ನು ಹಾಗೆಯೇ ಎತ್ತಿ ಮಳೆಯೂ ಬಿಸಿಲೂ ಬೀಳದ ತಂಪಿನ ಮೂಲೆಯಲ್ಲಿಡಿರಿ. ಒಲೆಯ ಮೇಲಿನ ಅಟ್ಟ ಆಗದು. ಅಲ್ಲಿ ಗೆಡ್ಡೆ ಬತ್ತಿಹೋಗುವುದು. ಸಣ್ಣ ಗೆಡ್ಡೆಗಳು ತೀರಾ ಬತ್ತದಂತೆ ತಿಂಗಳಿಗೊಮ್ಮೆ ಚಟ್ಟಿಯ ಅಂಚಿನಲ್ಲಿ ಒಂದು ಅಂಗೈ ನೀರು ಬಿಡುವುದುಂಟು, ಅಷ್ಟೆ. ಚಟ್ಟಿಗೆ ಹೆಸರಿನ ಚೀಟಿಯನ್ನು ಕಟ್ಟಲು 
ಮರೆಯಬಾರದು. ಇಲ್ಲವಾದರೆ ಖಾಲಿ ಚಟ್ಟಿಯೆಂದು ತಿಳಿದು ಯಾರಾದರೂ ಅದರಲ್ಲಿ ಹರಿವೆ ಬೀಜ ಹಾಕಿಯಾರು. ನಮ್ಮಲ್ಲಿ ಹಾಕಿದ್ದಾರೆ.

ಶತ್ರುಗಳಲ್ಲಿ ಮೊದಲನೆಯದು ಬಸವನಹುಳು. ಒಂದೇ ರಾತ್ರಿಯಲ್ಲಿ ಮೊಳಕೆಯನ್ನು ಬುಡಸಹಿತ ತಿಂದುಬಿಡುವುದು. ಆ ವರ್ಷದ ಮೊಳಕೆ ಹೋದರೆ ಗೆಡ್ಡೆ ಮತ್ತೆ ಚಿಗುರುವುದು ಅಪೂರ್ವ. ಸಂಜೆಯ ಮೇಲೆ ದೀಪ ಹಿಡಿದು ಹೆಕ್ಕುವುದೇ ಉಪಾಯ, ಬೇರೆ ಮದ್ದು ನನಗೆ ಹಿಡಿಸಲಿಲ್ಲ. ನೆಲದಲ್ಲಿ ನೆಟ್ಟರೆ ಮುಳ್ಳುಹಂದಿ, ಕಾಡುಹಂದಿಗಳ ಕಾಟವಿದೆ, ಹೆಗ್ಗಣವೂ ಇದೆ. ಹೊಲದಂಚಿನ ಮನೆಗಳಲ್ಲಿ ಈಗೀಗ ನವಿಲುಗಳೂ ಕೆದಕುತ್ತವೆ. ಗೆಡ್ಡೆಗಳ ಮೇಲೆ ಒಂದು ತಂತಿಬಲೆಯ ತುಂಡನ್ನು ಮಣ್ಣಿನೊಳಗೆ ಮಲಗಿಸಿದರೆ ಮೊಳಕೆ ಅದರ ಕಣ್ಣಿನಿಂದ ಹೊರಬರುವುದು, ಹೆಗ್ಗಣಕ್ಕೆ ಮಾತ್ರ ಎಟಕುವುದಿಲ್ಲ.

ಅಕ್ಕನ ಪದವು ಈಗ ನಲುವತ್ತು ಅಡಿಯ ಕೆಂಪು ಹೊಂಡ. ನಾಗಬನದ ಅಂಚಿನಲ್ಲಿ ಇಳಿಸಿದ ಹೆಂಟೆಗಳಲ್ಲಿ ಮರುವರ್ಷ ಹನ್ನೊಂದು ಚಿಗುರಿದುವು, ಹೂ ಬಿಡಲಿಲ್ಲ. ನನ್ನ ಚಟ್ಟಿಗಳಲ್ಲಿ ಹದಿನಾಲ್ಕು ಮೊಳೆತುವು. ಎಲೆಗಳು ಸಣ್ಣವು, ಬಲಿಯದ ಗೆಡ್ಡೆಯ ಫಲ. ಎರಡನೆಯ ವರ್ಷ, ಹೋದ ಸೋಣದಲ್ಲಿ, ನಾಲ್ಕು ಹೂಬಿಟ್ಟುವು. ಚೌತಿ ಕಳೆದು ಅಕ್ಕ ನೋಡಲು ಬಂದಿದ್ದಳು. ಸಂಜೆ ಜಗಲಿಯ ದೀಪವನ್ನು ಆರಿಸಿ ಇಬ್ಬರೂ ಕುಳಿತೆವು. ಆ ದಿನ ಪತಂಗ ಬರಲಿಲ್ಲ, ಮಳೆ ಬಂತು. ಮರುದಿನ ಅವಳು ಹೂವಿದ್ದ ಚಟ್ಟಿಯೊಂದನ್ನು ಆರಿಸಿ, ಸೆರಗಿನಿಂದ ಮುಚ್ಚಿ, ಕಡಬದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತಳು.